ನಿರ್ಮಲಾಳ ಪಾಲಿಟೆಕ್ನಿಕ್ ಸೀಟು

ಎಂ.ಎಸ್ಸಿ. ಮುಗಿಸಿದವನ ಕಣ್ಣಿಗೆ ಜಗತ್ತಿನಲ್ಲಿ ಎರಡೇ ಬಗೆಯ ಜನ: ವಿಶ್ವವಿದ್ಯಾಲಯ ಕಂಡವರು ಮತ್ತು ಪಾಪದವರು. ನನಗೂ ಈ ಕಾಯಿಲೆ ಇತ್ತು. ಕೊಪ್ಪಳದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ, ಪಿಎಚ್.ಡಿ.ಯನ್ನು ಅರ್ಧಕ್ಕೆ ಬಿಟ್ಟು ಬಂದಿದ್ದೆ. ಪೂರ್ತಿ ಮಾಡಿದವರಿಗಿಂತ ಅರ್ಧಕ್ಕೆ ಬಿಟ್ಟವರೇ ಸಂಶೋಧನೆಯ ಬಗ್ಗೆ ಹೆಚ್ಚು ಮಾತಾಡುತ್ತಾರೆ ಎಂಬುದಕ್ಕೆ ನಾನೇ ಸಾಕ್ಷಿ.

ಎಪ್ಪತ್ತರ ದಶಕದ ಒಂದು ಜೂನ್ ತಿಂಗಳಲ್ಲಿ ಕುಷ್ಟಗಿಯಿಂದ ಅಕ್ಕ ತನ್ನ ಮಗಳು ನಿರ್ಮಲಾಳನ್ನು ಕರೆದುಕೊಂಡು ಬಂದಳು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಗೆ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಸೀಟು ಸಿಕ್ಕಿತ್ತು. ಹೆಣ್ಣುಮಗಳಿಗೆ ಇದು ಯಾಕೆ ಎಂದು ಊರವರು ಅಂದಿದ್ದರಿಂದ, ತಮ್ಮನಾದ ನಾನು ಹೇಳಿದಂತೆ ಮಾಡಿದರಾಯಿತು ಎಂದು ಅಕ್ಕ ನಿಶ್ಚಯಿಸಿದ್ದಳು. ನಾನು ಭಾಷಣ ಶುರುಮಾಡಿದೆ. ವಿಶ್ವವಿದ್ಯಾಲಯದಲ್ಲಿ ಹೊಸ ಜ್ಞಾನ ಹುಟ್ಟುತ್ತದೆ, ಪಾಲಿಟೆಕ್ನಿಕ್ಕಿನಲ್ಲಿ ಹಳೆಯ ಜ್ಞಾನವನ್ನು ತಿರುಪು ಹಾಕಿ ಬಿಗಿಯುತ್ತಾರೆ. ಅಲ್ಲಿ ‘ಯಾಕೆ’ ಎಂದು ಕೇಳುತ್ತಾರೆ, ಇಲ್ಲಿ ‘ಹೇಗೆ’ ಎಂದಷ್ಟೇ. ಅಕ್ಕ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ತಲೆಯಾಡಿಸಿದಳು. ನಮ್ಮ ಮನೆಯ ಟೇಬಲ್ ಫ್ಯಾನು ಎರಡು ಬೇಸಿಗೆಯಿಂದ ನಿಂತಿತ್ತು. ಅದು ತಿರುಗುವ ತತ್ವವನ್ನು ನಾನು ವರ್ಷಕ್ಕೊಮ್ಮೆ ಬೋರ್ಡಿನ ತುಂಬ ಬರೆಯುತ್ತಿದ್ದೆ, ಆ ಮಾತು ಬೇರೆ.

ನಿರ್ಮಲಾ ಎದ್ದು ಹೋಗಿ ನನ್ನ ಹೆಂಡತಿಯಿಂದ ಒಂದು ಸಣ್ಣ ಚಾಕು ಇಸಿದುಕೊಂಡು ಬಂದು ಫ್ಯಾನಿನ ತಿರುಪು ಬಿಚ್ಚತೊಡಗಿದಳು. ನನ್ನ ಭಾಷಣ ಮುಗಿಯುವಷ್ಟರಲ್ಲಿ ಫ್ಯಾನು ತಿರುಗತೊಡಗಿತು.

“ಮಾಮಾ, ನನಗ ಈ ಕೆಲಸನಽ ಛಲೋ ಅನಸ್ತೈತ್ರಿ,” ಎಂದಳು, ಮೆಲ್ಲಗೆ.

ಆ ಗಾಳಿಯಲ್ಲೇ ಕೂತು ನಾನು ತೀರ್ಪು ಕೊಟ್ಟೆ: ಸೀಟು ಬಿಡಲಿ, ಪಿಯುಸಿ ಮುಗಿಸಿ ಬಿ.ಎಸ್ಸಿ. ಓದಲಿ.

ಓದಿದಳು. ಥರ್ಡ್ ಕ್ಲಾಸು ಬಂತು. ಎಂ.ಎಸ್ಸಿ. ಬಾಗಿಲು ಅವಳಿಗೆ ತೆರೆಯಲಿಲ್ಲ. ಕೊನೆಗೆ ಯಲಬುರ್ಗಾದ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿ, ಬಂದ ಪತ್ರಗಳಿಗೆ ನಂಬರು ಹಾಕುತ್ತ ಕೂತಳು. ಒಮ್ಮೆ ಅತ್ತ ಹೋದಾಗ ಕಂಡೆ: ಮೇಜಿನ ಖಾನೆಯಲ್ಲಿ ಶಾಯಿಪ್ಯಾಡಿನ ಪಕ್ಕ ಒಂದು ಸ್ಕ್ರೂಡ್ರೈವರ್. ಕಚೇರಿಯ ಕರೆಗಂಟೆ, ದೀಪ ಎಲ್ಲ ರಿಪೇರಿಯೂ ಇವಳದೇ ಎಂದು ಜವಾನ ಹೆಮ್ಮೆಯಿಂದ ಹೇಳಿದ.

ಈಗಲಾದರೂ ಸೀಟು ಸಿಕ್ಕೀತೆಂದು ಒತ್ತಾಯ ಮಾಡಿ ಅವಳನ್ನು ಆ ಪಾಲಿಟೆಕ್ನಿಕ್ಕಿಗೆ ಕರೆದೊಯ್ದೆ. ಪ್ರಿನ್ಸಿಪಾಲರು ಡಿಪ್ಲೊಮಾದಿಂದಲೇ ಮೇಲೆ ಬಂದವರು. ನನ್ನ ಮಾತನ್ನೆಲ್ಲ ಕೇಳಿ, ವಯಸ್ಸಿನ ಮಿತಿ ದಾಟಿದೆ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಆಮೇಲೆ ಅವಳ ಕಡೆ ತಿರುಗಿ, “ಆವಾಗ ಯಾಕ ಬರಲಿಲ್ಲವ್ವ?” ಎಂದು ಕೇಳಿದರು. ಅವಳು ನನ್ನ ಮುಖ ನೋಡಲಿಲ್ಲ. ಮನೆಯಲ್ಲಿ ಅಡಚಣೆ ಇತ್ತು ಎಂದುಬಿಟ್ಟಳು.

ವಾಪಸು ಬರುವಾಗ ಹಿಟ್ನಾಳದ ಹತ್ತಿರ ಬಸ್ಸಿನಲ್ಲಿ ನಾನು, “ತಪ್ಪು ನಂದಽ ಐತವ್ವ,” ಎಂದೆ.

“ಬಿಡ್ರಿ ಮಾಮಾ, ನೀವು ಓದಿಸಿದ್ದಕ್ಕ ನೌಕರಿಯಾರ ಐತಿ,” ಎಂದಳು.

ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು.

ಈಗಲೂ ಜೂನ್ ಬಂದರೆ ಮಕ್ಕಳನ್ನು ಎಲ್ಲಿ ಸೇರಿಸಬೇಕೆಂದು ಕೇಳಲು ತಂದೆತಾಯಂದಿರು ಮನೆಗೆ ಬರುತ್ತಾರೆ. ಸಾಹೇಬರು ಇಲ್ಲ ಎನ್ನಲು ಹೆಂಡತಿಗೆ ಹೇಳಿದ್ದೇನೆ. ಹೋದ ವಾರ ತಾವರಗೇರಾದ ರೈತರೊಬ್ಬರು, ಬರುವವರೆಗೂ ಕಾಯ್ತೀನ್ರಿ ಎಂದು ಕಟ್ಟೆಯ ಮೇಲೆ ಕೂತುಬಿಟ್ಟರು. ಅವರು ಏಳುವವರೆಗೆ, ಅಂದರೆ ಸಂಜೆಯವರೆಗೆ, ಭೌತಶಾಸ್ತ್ರದ ಅಧ್ಯಾಪಕನೊಬ್ಬ ಕೆಮ್ಮು ಬಂದರೂ ಕೆಮ್ಮದೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ.