ಸಿಲ್ವೋನ ಹುಲ್ಲಟ್ಟ

ಎಲ್ಲಕ್ಕೂ ಕಾರಣ ಒಂದು ಫೋನು. ಬೆಳಿಗ್ಗೆ ಏಳಕ್ಕೆ ಪಟ್ಟಣದ ಪಾರಂಪರಿಕ ಕಟ್ಟಡಗಳ ಕಚೇರಿಯಿಂದ ಒಬ್ಬಳು ಕರೆಮಾಡಿ, ಸಂಜೆ ನಾಲ್ಕಕ್ಕೆ ನಿಮ್ಮ ಹುಲ್ಲಟ್ಟ ನೋಡಲು ಬರುತ್ತೇನೆ ಎಂದಳು. ಸಿಲ್ವೋ "ಆಗಲಿ ಮೇಡಂ" ಎಂದು ಫೋನಿಟ್ಟ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಅವನ ಪಾಡಿಗೆ ಅವನು ಚೆನ್ನಾಗಿರುತ್ತಿದ್ದ. ಆದರೆ ಬೇಲಿಯಾಚೆ ಪಕ್ಕದ ಮನೆಯ ಮಿಲೆನಾ ಬಟ್ಟೆ ಒಣಹಾಕುತ್ತಿದ್ದಳು, ಸಿಲ್ವೋನ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುತ್ತಿರಲಿಲ್ಲ.

ಆ ಹುಲ್ಲಟ್ಟ ಅವನ ಅಪ್ಪ ಕಟ್ಟಿದ್ದು. ಗೋಡೆಯಿಲ್ಲ, ಸಾಲಾಗಿ ಆರು ಓಕ್ ಕಂಬ, ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡ ಗಳಗಳು, ಮೇಲೆ ಕಿರಿದಾದ ಹೆಂಚಿನ ಸೂರು. ಒಂದು ಮೊಳೆಯಿಲ್ಲ, ಎಲ್ಲ ಮರದ ಬೆಣೆ. ಕೊಯ್ದ ಹುಲ್ಲನ್ನು ಗಳಗಳ ಮೇಲೆ ತೂಗುಹಾಕಿದರೆ ಗಾಳಿಯೇ ಒಣಗಿಸುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಸಿಲ್ವೋ ಹುಲ್ಲನ್ನು ಬಿಳಿ ಪ್ಲಾಸ್ಟಿಕ್ಕಿನಲ್ಲಿ ಸುತ್ತುವ ಯಂತ್ರ ಕೊಂಡ, ಅಟ್ಟ ಖಾಲಿಯಾಯಿತು. ಪ್ರತಿ ಬೇಸಿಗೆಯಲ್ಲೂ ಅಪ್ಪ, "ಒಂದು ಸಾಲಾದ್ರೂ ಹಾಕೋ, ಬರೀ ಗಳ ನೋಡಕ್ಕಾಗಲ್ಲ" ಅನ್ನುತ್ತಿದ್ದ. ಸಿಲ್ವೋ "ಮುಂದಿನ ವರ್ಷ ಹಾಕೋಣಪ್ಪ" ಅನ್ನುತ್ತಿದ್ದ. ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡ. ಸೂರು ಸೋರಿ, ಎರಡು ಕಂಬಗಳ ಬುಡ ಕೊಳೆತು, ಅಟ್ಟ ರಸ್ತೆಯ ಕಡೆ ವಾಲತೊಡಗಿದ ಮೇಲೆ ಸಿಲ್ವೋಗೆ ಆ ಮಾತು ಚುಚ್ಚಲು ಶುರುವಾಯಿತು. ಅಪ್ಪನದು ಅಂತ ಇದೊಂದಾದರೂ ಉಳಿಯಲಿ ಎಂದು ರಿಪೇರಿಯ ನೆರವಿಗೆ ಅರ್ಜಿ ಹಾಕಿದ್ದ.

"ಖಾಲಿ ಅಟ್ಟ ತೋರಿಸ್ತೀಯಾ?" ಮಿಲೆನಾ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬುಟ್ಟಿಗೇ ಹಾಕಿದಳು. "ನಮ್ಮ ನಾದಿನಿ ಊರಲ್ಲಿ ಒಬ್ರಿಗೆ ಕೊಟ್ರು, ಒಬ್ರಿಗೆ ಕೊಡ್ಲಿಲ್ಲ. ಬಳಕೇಲಿರೋದಕ್ಕೆ ಮಾತ್ರ ಅಂತೆ."

"ಯಾರು ಹೇಳಿದ್ರಕ್ಕ?"

"ಎಲ್ಲಾರೂ ಹೇಳ್ತಾರೆ."

"ನನ್ನ ಹುಲ್ಲೆಲ್ಲ ಪ್ಲಾಸ್ಟಿಕ್ಕಲ್ಲಿದೆಯಲ್ಲ."

"ಮನೆ ಹಿಂದೆ ನಿಂತಿರೋದು ಏನು, ಗಡ್ಡಾನಾ? ಕೊಯ್ದು ಹಾಕು."

ಸಿಲ್ವೋ ಉದ್ದ ಹಿಡಿಯ ಕುಡುಗೋಲು ಹುಡುಕಿ ತೆಗೆದ. ಒಂದೇ ಒಂದು ಸಾಲು ಹಾಕಿ ಮರ್ಯಾದೆ ಉಳಿಸಿಕೊಳ್ಳುವುದು ಅವನ ಲೆಕ್ಕ. ಅರ್ಧ ಸಾಲು ಮುಗಿಯುವಷ್ಟರಲ್ಲಿ, ಮಿಲೆನಾಳಿಂದ ಸುದ್ದಿ ತಿಳಿದ ಊರಿನ ಅಗ್ನಿಶಾಮಕ ಪಡೆಯ ಮುಖ್ಯಸ್ಥ ಲೂದ್ವಿಕ್ ಟ್ರ್ಯಾಕ್ಟರ್ ನಿಲ್ಲಿಸಿದ. ಲಿಪೋವೆ ಎಂಬ ಆ ಹಳ್ಳಿಯಲ್ಲಿ ವರ್ಷಕ್ಕೊಂದು ಬೆಂಕಿ ಬಿದ್ದರೆ ಹೆಚ್ಚು. ಮಿಕ್ಕ ದಿನಗಳಲ್ಲಿ ಲೂದ್ವಿಕ್ ಊರವರ ತಾಪತ್ರಯಗಳನ್ನೇ ಬೆಂಕಿಯೆಂದುಕೊಂಡು ಆರಿಸಲು ಓಡುತ್ತಿದ್ದ.

"ಇದೇನೋ ಇದು, ಬೋಳುತಲೆಗೆ ಬಾಚಣಿಗೆ ಹಾಕ್ದಂಗೆ? ಅಧಿಕಾರಿ ಬಂದು ನಗಲ್ವಾ? ತಡಿ, ಒಂದು ಗಾಡಿ ತರ್ತೀನಿ."

ಆ ಊರಿನಲ್ಲಿ ಪಕ್ಕದವನಿಗಿಂತ ಕಡಿಮೆ ಸಹಾಯ ಮಾಡುವುದು ಅವಮಾನ. ಲೂದ್ವಿಕ್ ಒಂದು ಗಾಡಿ ತಂದದ್ದು ಕಂಡು ಮಿಲೆನಾ ಗಂಡನನ್ನು ಓಡಿಸಿ ಎರಡು ಗಾಡಿ ತರಿಸಿದಳು. ಅದು ಕಂಡು ಲೂದ್ವಿಕ್ ಮತ್ತೆರಡು ತಂದ. ಎಲ್ಲವೂ ಆಗತಾನೆ ಕೊಯ್ದ, ಹಿಂಡಿದರೆ ನೀರು ಬರುವ ಹುಲ್ಲು.

ಎಂಬತ್ತಾರರ ತೋನೆ ಅಜ್ಜ ಕುರ್ಚಿ ಹೊತ್ತುಕೊಂಡೇ ಬಂದ. "ಕೊಯ್ದ ಹುಲ್ಲು ಒಂದು ದಿನ ನೆಲದಲ್ಲಿ ಬಾಡ್ಬೇಕು ಕಣ್ರೋ. ಹಸೀದು ಭಾರ."

"ಹುಲ್ಲು ಬಾಡೋವರೆಗೂ ನಾಲ್ಕು ಗಂಟೆ ಕಾಯುತ್ತಾ ಅಜ್ಜ?" ಎಂದ ಲೂದ್ವಿಕ್. "ಮೇಲಿಂದ ತುಂಬ್ತಾ ಬನ್ನಿ."

"ಮೇಲಿಂದ ನಿಮ್ಮನೇಲಿ ತುಂಬ್ತಿದ್ರೇನೋ. ಇಲ್ಲಿ ಕೆಳಗಿಂದ," ಎಂದಳು ಮಿಲೆನಾ.

ವಾದ ತೀರಲಿಲ್ಲ. ಕೊನೆಗೆ ರಸ್ತೆ ಕಡೆಯ ಅರ್ಧ ಲೂದ್ವಿಕ್‌ನದು, ಮನೆ ಕಡೆಯ ಅರ್ಧ ಮಿಲೆನಾಳದು ಎಂದಾಯಿತು. ಅಟ್ಟ ಯಾರದು ಎಂದು ಯಾರೂ ಕೇಳಲಿಲ್ಲ. ಸಿಲ್ವೋ ಇಬ್ಬರ ಮಧ್ಯೆ ಕವೆಗೋಲು ಹಿಡಿದು ಓಡಾಡುತ್ತ, "ಸಾಕೇನೋ ಲೂದ್ವಿಕ್, ಸಾಕಕ್ಕ" ಎನ್ನುತ್ತಿದ್ದ. "ನೀನು ಹೋಗಿ ಮುಖ ತೊಳ್ಕೋ" ಎಂದು ಇಬ್ಬರೂ ಒಟ್ಟಿಗೆ ಗದರಿದರು. ಇಡೀ ದಿನದಲ್ಲಿ ಅವರಿಬ್ಬರೂ ಒಪ್ಪಿದ್ದು ಅದೊಂದನ್ನೇ.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಕೆಲಸ ಮುಗಿಯಿತು. ಎಲ್ಲರೂ ಹಿಂದೆ ಸರಿದು ನಿಂತರು. ನೆಲದಿಂದ ಸೂರಿನವರೆಗೆ ಹಸಿರು ತುಂಬಿ ಅಟ್ಟ ಮೈಕೈ ತುಂಬಿಕೊಂಡಿತ್ತು. ಹುಲ್ಲಿನ ವಾಸನೆ ಸಿಲ್ವೋನ ಮೂಗಿಗೆ ಬಡಿಯಿತು. ಅಪ್ಪ ಗಳದ ಮೇಲೆ ನಿಂತು ಕೈಚಾಚುತ್ತಿದ್ದದ್ದು ಕಣ್ಣಮುಂದೆ ಬಂತು. ಒಂದು ದಿನದ ಕೆಲಸ ಇದು. ಹದಿನೇಳು ವರ್ಷದಲ್ಲಿ ಅಪ್ಪನಿಗಾಗಿ ಆ ಒಂದು ದಿನ ತನಗೆ ಸಿಗಲಿಲ್ಲವಲ್ಲ ಎಂದುಕೊಂಡ.

ಕಾರು ಬಂದು ನಿಂತಿತು. ಬೆಳಿಗ್ಗೆ ಫೋನು ಮಾಡಿದ್ದ ನೇಜಾ ಎಂಬ ಹುಡುಗಿ ಫೈಲು ಹಿಡಿದು ಇಳಿದಳು. ಸಿಲ್ವೋ ಅಂಗಿ ಸರಿಮಾಡಿಕೊಂಡು, "ಬನ್ನಿ ಮೇಡಂ, ನೋಡಿ, ದಿನಾ ಬಳಸ್ತೀವಿ" ಎಂದು ಕೈ ತೋರಿಸಿದ. ಅಟ್ಟ ಒಮ್ಮೆ ನರಳಿತು. ಆಮೇಲೆ ದಣಿದ ಹಸು ಮಲಗುವಂತೆ ಮೊದಲು ರಸ್ತೆ ಕಡೆಯ ಕಂಬಗಳು ಮಂಡಿಯೂರಿದವು, ಅವುಗಳ ಹಿಂದೆ ಉಳಿದವೂ ನಿಧಾನವಾಗಿ ಒರಗಿದವು. ಹೆಂಚುಗಳು ಒಂದೊಂದಾಗಿ ಜಾರಿ ಹುಲ್ಲಿನ ಮೇಲೆ ಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ.

ಕೊನೆಯ ಹೆಂಚು ಬಿದ್ದ ಮೇಲೆ ನೇಜಾ ರಾಶಿಯ ಹತ್ತಿರ ಬಂದಳು.

"ಯಾಕೆ ಸಾರ್ ಹುಲ್ಲು ಹಾಕಿದ್ರಿ?" ಎಂದಳು.

"ಖಾಲಿ ಇದ್ರೆ ಕೊಡಲ್ಲ ಅಂತ..."

"ಖಾಲಿ ಬಿದ್ದಿರೋದಕ್ಕೇ ಕೊಡೋದು. ಬಳಸೋರು ಅವರೇ ನೋಡ್ಕೋತಾರಲ್ಲ. ನಿಮ್ಮದು ಮಂಜೂರಾಗಿದೆ, ಸೋಮವಾರ ಬಡಗಿಗಳು ಬರೋರಿದ್ರು. ಈ ಷರತ್ತಿಗೆ ಸಹಿ ತಗೊಳ್ಳೋಕೆ ಬಂದೆ." ಅವಳು ಫೈಲು ತೆರೆದು ಮೆಲ್ಲಗೆ ಓದಿದಳು: "ರಿಪೇರಿ ಮುಗಿಯುವವರೆಗೆ ಅಟ್ಟದ ಮೇಲೆ ಯಾವುದೇ ಭಾರ ಹಾಕತಕ್ಕದ್ದಲ್ಲ."

"ಈಗೇನು ಮಾಡೋದು ಮೇಡಂ?"

"ಇರೋದನ್ನ ರಿಪೇರಿ ಮಾಡಬಹುದು ಸಾರ್. ಬಿದ್ದುಹೋಗಿದ್ದಕ್ಕೆ ನಮ್ಮಲ್ಲಿ ಅರ್ಜೀನೇ ಇಲ್ಲ."

"ಹೌದೌದು," ಎಂದಳು ಮಿಲೆನಾ ನೆನಪಿಸಿಕೊಂಡು. "ನಾದಿನಿ ಊರಲ್ಲೂ ಖಾಲಿ ಇದ್ದೋರಿಗೇ ಸಿಕ್ಕಿದ್ದು ಅನ್ಸುತ್ತೆ."

"ಕೆಳಗಿಂದ ತುಂಬಿದ್ದೇ ತಪ್ಪು," ಎಂದ ಲೂದ್ವಿಕ್.

ಕಾರು ಹೊರಟುಹೋಯಿತು. ಸಿಲ್ವೋ ರಾಶಿಯ ಮೇಲೆ ಕುಸಿದು ಕೂತು, ಕೈಗೆ ಸಿಕ್ಕ ಒಂದು ಓಕ್ ಬೆಣೆಯನ್ನು ತೊಡೆಯ ಮೇಲಿಟ್ಟುಕೊಂಡ. "ನಾನೇ ಕೆಡವಿದೆ," ಎಂದ, ಯಾರಿಗೆಂದಿಲ್ಲದೆ. ತೋನೆ ಅಜ್ಜ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಲೂದ್ವಿಕ್ ಕೂಡ ಟೊಪ್ಪಿ ತೆಗೆದು ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು ನಿಲ್ಲಿಸಿ, ಕವೆಗೋಲು ಹಿಡಿದು ಹತ್ತಿರ ಬಂದ.

"ಒಂಚೂರು ಏಳು ಸಿಲ್ವೋ," ಎಂದ. "ನೀನು ಕೂತಿರೋದು ನನ್ನ ಹುಲ್ಲಿನ ಮೇಲೆ. ಇನ್ನು ಒಣಗಿಸೋಕೆ ನಿಮ್ಮಲ್ಲಿ ಜಾಗ ಇಲ್ಲವಲ್ಲ."