ಮಾವನವರ ತಂಡವೂ ತಳ ಹಿಡಿದ ಬಾಣಲೆಯೂ

ಪಾತ್ರೆ ತೊಳೆಯುವುದನ್ನು ತಪ್ಪಿಸಿಕೊಳ್ಳಲು ಗಂಡಸು ಎಷ್ಟು ಶ್ರದ್ಧೆಯಿಂದ ಓದಬಲ್ಲ ಎನ್ನುವುದಕ್ಕೆ ನಾನೇ ಸಾಕ್ಷಿ. ಎಸ್ಸೆಸ್ಸೆಲ್ಸಿಗೂ ನಾನು ಅಷ್ಟು ಓದಿರಲಿಲ್ಲ. ಹೋದ ಬೇಸಿಗೆಯಲ್ಲಿ ಮಾತ್ರ, ಆಫೀಸಿನ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು, ತೀರಿಕೊಂಡು ಎಷ್ಟೋ ಕಾಲವಾದ ಆಟಗಾರರು ಯಾವ ದಿನ ಗೆದ್ದರು, ಯಾವ ದಿನ ಸೋತರು ಎಂದು ಬಾಯಿಪಾಠ ಮಾಡುತ್ತಿದ್ದೆ. ಬೇಸ್‌ಬಾಲ್ ನನಗೆ ಆಗಲೂ ತಿಳಿಯುತ್ತಿರಲಿಲ್ಲ, ಈಗಲೂ ತಿಳಿಯದು.

ಇದಕ್ಕೆಲ್ಲ ಕಾರಣ ನನ್ನ ಮಾವನವರು. ಮೈಸೂರಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅಮೆರಿಕದ ಕ್ಯಾರಿ ಎಂಬ ಊರಿನ ನಮ್ಮ ಮನೆಗೆ ಬಂದವರನ್ನು ವಾಷಿಂಗ್ಟನ್ ತೋರಿಸಲು ಕರೆದುಕೊಂಡು ಹೋದೆವು. ಶ್ವೇತಭವನದ ಮುಂದೆ ಎರಡು ನಿಮಿಷ ನಿಂತು, "ಚಿಕ್ಕದೇ" ಎಂದವರು ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ಎರಡು ಗಂಟೆ ಕೂತುಬಿಟ್ಟರು. ಅಲ್ಲಿ ಸಿಕ್ಕಿದ್ದು ಹತ್ತೊಂಬತ್ತನೇ ಶತಮಾನದ ವಾಷಿಂಗ್ಟನ್ನಿನ ಬೇಸ್‌ಬಾಲ್ ತಂಡವೊಂದರ ಕಥೆ. ಸಂಬಳ ಪಡೆದು ಆಡುತ್ತಿದ್ದ ಆ ತಂಡದ ಒಂದೇ ಒಂದು ಸೀಸನ್, ಆಟಕ್ಕೊಂದು ಅಧ್ಯಾಯ.

ದಿನಕ್ಕೊಂದು ಅಧ್ಯಾಯ ಓದಿ ಸಂಜೆ ಊಟದ ಹೊತ್ತಿಗೆ ನಮಗೆ ಹೇಳುತ್ತಿದ್ದರು. "ಗ್ಲೌಸ್ ಇಲ್ದೆ ಬರಿಗೈಲಿ ಚೆಂಡು ಹಿಡೀತಿದ್ರಂತೆ, ಅಳಿಯಂದಿರೇ," ಎಂದು, ಆಟಗಾರರೆಲ್ಲ ತಮ್ಮ ಶಾಲೆಯ ಹುಡುಗರೇ ಎನ್ನುವ ಹಾಗೆ ಬೀಗುತ್ತಿದ್ದರು. ಒಂದು ದಿನ ಚೆಂಡು ಉದ್ದ ಹುಲ್ಲಿನಲ್ಲಿ ಕಳೆದುಹೋಯಿತು, ಸೋತರು. ಮರುದಿನ ಒಬ್ಬನ ಬೆರಳು ಮುರಿಯಿತು, ಸೋತರು. ಅದರ ಮರುದಿನ ಎಲ್ಲರೂ ಚೆನ್ನಾಗಿಯೇ ಆಡಿದರು, ಆದರೂ ಸೋತರು.

ಕಥೆಗೆ ಮೊದಲು ಪಂದ್ಯ ಕಟ್ಟಬೇಕೆಂದು ಮಾವನವರು ನಿಯಮ ಮಾಡಿದರು. ಗೆಲ್ತಾರೋ ಸೋಲ್ತಾರೋ ಹೇಳಬೇಕು, ತಪ್ಪಿದವರು ಪಾತ್ರೆ ತೊಳೆಯಬೇಕು. ಮನೆಯಲ್ಲಿ ಡಿಶ್‌ವಾಷರ್ ಇದೆ. ಆದರೆ ನಮ್ಮವರ ಅನೇಕ ಮನೆಗಳಲ್ಲಿರುವಂತೆ ಅದು ಕೈಯಲ್ಲಿ ತೊಳೆದ ಪಾತ್ರೆಯನ್ನು ಬೋರಲು ಹಾಕುವ ಜಾಗ. ಮಾವನವರು ಆಗಲೇ ಓದಿ ಮುಗಿಸಿದ್ದರೂ, ತಮ್ಮ ತಂಡವನ್ನು ಬಿಟ್ಟುಕೊಡದೆ ದಿನಾ "ಗೆಲ್ತಾರೆ" ಎನ್ನುತ್ತಿದ್ದರು. ಅವರಿಂದ ಪಾತ್ರೆ ತೊಳೆಸುವುದುಂಟೇ? ಮಗಳು ಅನಘಾ, "ತಾತ, ದೇ ಆಲ್ವೇಸ್ ಲೂಸ್," ಎಂದು ಪಾರಾಗುತ್ತಿದ್ದಳು. ನನ್ನ ಹೆಂಡತಿ ವೀಣಾ ಮಾತ್ರ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು, ಅಪ್ಪನ ಜೊತೆ "ಗೆಲ್ತಾರೆ" ಎಂದು, ಊಟವಾದ ಮೇಲೆ ತೋಳು ಮಡಿಸುತ್ತಿದ್ದಳು. ನಾನೂ ಅಳಿಯನ ಮರ್ಯಾದೆಗೆ ಎರಡು ದಿನ ಹಾಗೇ ಹೇಳಿ, ಬಿಸಿಬೇಳೆಬಾತಿನ ಪಾತ್ರೆ ಉಜ್ಜಿ, ಮೂರನೇ ದಿನ ಫೋನಿನಲ್ಲಿ ಆ ಸೀಸನ್ನಿನ ಫಲಿತಾಂಶಗಳನ್ನು ಹುಡುಕಿದೆ. ಅಲ್ಲಿಂದ ನನ್ನ ಮಾತು ಒಮ್ಮೆಯೂ ತಪ್ಪಲಿಲ್ಲ.

ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಹಾಗಲಕಾಯಿ ಗೊಜ್ಜು ತಳ ಹಿಡಿದು ಬಾಣಲೆ ಕರಿ ಕಟ್ಟಿದ್ದ ದಿನ ಭಯಕ್ಕೆ ಬಾಯಿ ಜಾರಿತು.

"ಗೆಲ್ಲೋದೂ ಇಲ್ಲ, ಸೋಲೋದೂ ಇಲ್ಲ ಮಾವ. ಹನ್ನೊಂದನೇ ಇನ್ನಿಂಗ್ಸಲ್ಲಿ ಕತ್ತಲಾಗತ್ತೆ, ಆಟ ನಿಲ್ಲಿಸ್ತಾರೆ," ಎಂದೆ.

ಮಾವನವರ ತುತ್ತು ಅರ್ಧದಲ್ಲೇ ನಿಂತಿತು. "ಅಳಿಯಂದಿರು ಓದ್ಕೊಂಡು ಬಂದಿದಾರೆ," ಎಂದರು, ಕಾಪಿ ಹೊಡೆದ ಹುಡುಗನನ್ನು ಹಿಡಿದ ಮೇಷ್ಟ್ರಂತೆ. ಮೊಸರನ್ನವನ್ನೂ ಮುಟ್ಟದೆ ಎದ್ದು ಹೋದರು.

ಅಡುಗೆಮನೆಯಲ್ಲಿ ವೀಣಾ ಬೈಯಲಿಲ್ಲ. "ನಾನೂ ನೋಡಿದೀನ್ರೀ, ಮೊದಲ್ನೇ ದಿನಾನೇ. ಒಂದೊಂದು ಆಟದ್ದೂ ಅಲ್ಲ, ಸೀಸನ್ನಿನ ಕೊನೇ ಫಲಿತಾಂಶ ಮಾತ್ರ. ಎಲ್ಲರಿಗಿಂತ ಕೆಳಗೆ ಮುಗಿಸ್ತಾರೆ," ಎಂದಳು.

"ಮತ್ತೆ ದಿನಾ ಗೆಲ್ತಾರೆ ಅಂತೀಯ?"

"ಅಪ್ಪ ಒಬ್ರೇ ಆಗ್ಬಿಡ್ತಾರಲ್ಲ."

ನನಗೆ ನಿಜಕ್ಕೂ ನಾಚಿಕೆಯಾಯಿತು. ಅಷ್ಟು ದಿನ ಅವಳು ಪಾತ್ರೆ ತೊಳೆಯುವಾಗ ನಾನು ಸೋಫಾದಲ್ಲಿ ಕಾಲು ಚಾಚಿ ಕೂತಿದ್ದೆ.

ಮರುದಿನ ಫೋನು ಮುಟ್ಟಲಿಲ್ಲ. ಊಟಕ್ಕೆ ಮಾವನವರು ಪುಸ್ತಕವಿಲ್ಲದೆ ಬಂದರು. "ಇವತ್ತಿನ ಮ್ಯಾಚು ಹೇಳಿ ಮಾವ," ಎಂದೆ.

"ನಿಮಗೆ ಗೊತ್ತಿರತ್ತಲ್ಲ."

"ದೇವರಾಣೆ ನೋಡಿಲ್ಲ. ಗೆಲ್ತಾರೆ," ಎಂದೆ. ತ್ಯಾಗ ಮಾಡುವುದೆಂದರೆ ಸರಿಯಾಗಿಯೇ ಮಾಡಬೇಕೆಂದು ನಿನ್ನೆಯ ಕರಿ ಬಿಡದ ಬಾಣಲೆಯನ್ನು ಆಗಲೇ ನೀರಲ್ಲಿ ನೆನೆಹಾಕಿ ಬಂದಿದ್ದೆ. ವೀಣಾ ನನ್ನ ಕಡೆ ನೋಡಿ ನಕ್ಕಳು. ಅನಘಾ ಎಂದಿನಂತೆ "ಲೂಸ್" ಎಂದಳು.

ಮಾವನವರ ಮುಖ ನಿಧಾನವಾಗಿ ಅರಳಿತು. "ಗೆದ್ರು ಕಣಮ್ಮ," ಎಂದರು.

ವೀಣಾಳ ನಗು ನಿಂತಿತು. "ಇವತ್ತೂ ನೋಡಿದ್ರಾ?"

ಇಲ್ಲವೆಂದು ತೋರಿಸಲು ಫೋನು ತೆಗೆದೆ. ತೆರೆದ ಕೂಡಲೇ ಕಂಡಿದ್ದು ಆ ಸೀಸನ್ನಿನ ಪಟ್ಟಿಯೇ, ನಿನ್ನೆ ಬಿಟ್ಟಿದ್ದು ಹಾಗೇ ಇತ್ತು. ನಿಯಮದ ಪ್ರಕಾರ ಅಂದು ಅನಘಾ ತೊಳೆಯಬೇಕಿತ್ತು. "ಅಪ್ಪ ಚೀಟೆಡ್," ಎಂದು ತನ್ನ ತಟ್ಟೆಯನ್ನೂ ನನ್ನ ಮುಂದಿಟ್ಟು ಎದ್ದಳು.

"ಹೇಗೆ ಗೆದ್ರು ಮಾವ?" ಎಂದು ಕೇಳಿದೆ.

"ನಿಮಗೇನು ಹೇಳೋದು," ಎಂದು ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ಹಾಲಿಗೆ ಹೋಗಿ ಕೂತರು. ಸಿಂಕಿನ ಮುಂದೆ ನಿಂತು ಬಾಣಲೆ ಉಜ್ಜತೊಡಗಿದೆ. ಮಾವನವರು ಮೊದಲ ಇನ್ನಿಂಗ್ಸಿನಿಂದ ಶುರುಮಾಡಿದ್ದರು. ನೀರಿನ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ. ಕೊನೆಯ ಇನ್ನಿಂಗ್ಸಿಗೆ ಬಂದರೆಂದು ದನಿಯಲ್ಲೇ ಗೊತ್ತಾಗಿ, ನಲ್ಲಿ ನಿಲ್ಲಿಸಿ ಕಿವಿಗೊಟ್ಟೆ.

"ಪಾತ್ರೆ ಆಯ್ತೇನ್ರೀ?" ಎಂದಳು ವೀಣಾ.

ಮತ್ತೆ ನಲ್ಲಿ ಬಿಟ್ಟೆ.