ಹಲಗೆಯಿಲ್ಲದ ಕಂಬ ಮತ್ತು ನನ್ನ ಲಿಖಿತ ಆಕ್ಷೇಪಣೆ

ಕೆಲವರಿಗೆ ಹಾವಿನ ಭಯವಿರುತ್ತದೆ, ಕೆಲವರಿಗೆ ಗುಡುಗಿನ ಭಯ. ನನಗಿರುವುದು ತಪ್ಪಾಗಿಬಿಡುವ ಭಯ. ಇದು ಹುಟ್ಟಿನಿಂದ ಬಂದದ್ದಲ್ಲ. ಪದವಿಯ ಜೊತೆಗೆ ಬಂದದ್ದು. ಕೊಲ್ಲಮೊಗ್ರಿನ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅಪ್ಪ ಬೇರೆಯವರ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದರು. ಕತ್ತಿ ಒಂದು ಕೂದಲಿನಷ್ಟು ಹೆಚ್ಚು ಒಳಗೆ ಹೋದರೂ ಮರ ಹಾಳು ಎಂದು ಅವರು ಹೇಳುತ್ತಿದ್ದುದು ಮರದ ವಿಷಯ. ನಾನು ಅದನ್ನು ಜೀವನಕ್ಕೆ ಅನ್ವಯಿಸಿಕೊಂಡೆ. ಓದಿದವರ ಮಕ್ಕಳು ತಪ್ಪು ಮಾಡಿದರೆ ಅದನ್ನು ಮರೆವು ಎನ್ನುತ್ತಾರೆ. ನನ್ನಂಥವಳು ಅದೇ ತಪ್ಪು ಮಾಡಿದರೆ ಹಿನ್ನೆಲೆ ಎನ್ನುತ್ತಾರೆ. ಆದ್ದರಿಂದ ನಾನು ಬಸ್ಸಿನ ಟಿಕೆಟ್ಟಿನ ಹಿಂಬದಿಯನ್ನೂ ಓದುತ್ತೇನೆ; ಕೊಟ್ಟ ಪ್ರತಿಯೊಂದು ಅರ್ಜಿಗೂ ಮೂರು ಪ್ರತಿ ಮಾಡಿ ಒಂದರ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳುತ್ತೇನೆ. ಒಮ್ಮೆ ಸುಬ್ರಹ್ಮಣ್ಯದ ಬಸ್ ನಿಲ್ದಾಣದಲ್ಲಿ, ಬಸ್ಸಿನ ಬೋರ್ಡಿನಲ್ಲಿರುವ ದಾರಿಯೂ ಕಂಡಕ್ಟರ್ ಕೂಗುತ್ತಿರುವ ದಾರಿಯೂ ಒಂದೇ ಅಲ್ಲವೆಂದು ನಾನು ಅವನಿಗೆ ಮನವರಿಕೆ ಮಾಡಿಕೊಡುತ್ತಿರುವಾಗಲೇ ಬಸ್ಸು ಹೊರಟುಹೋಯಿತು. ಅವ್ವ ಚೀಲ ಹಿಡಿದುಕೊಂಡು ನಿಂತಲ್ಲೇ ಹೇಳಿದರು: "ನೀನು ಹೇಳಿದ್ದು ಸರಿಯೇ ಮಗಾ. ಇನ್ನು ಆ ಸರಿಯ ಮೇಲೆ ಕೂತು ಮನೆಗೆ ಹೋಗುವ." ಅವ್ವ ಹೇಳಿದ್ದು ನಮ್ಮ ಮನೆಮಾತಾದ ಅರೆಭಾಷೆಯಲ್ಲಿ, ಈ ಬರಹ ಅಚ್ಚಿಗೆ ಹೋಗುವುದೆಂದು ನಾನು ಅದನ್ನೂ ತಿದ್ದಿ ಬರೆದಿದ್ದೇನೆ.

ಇಂಥ ನನ್ನ ಕೈಗೆ ಒಂದು ಆಟವನ್ನು ಕೊಡಬಾರದಿತ್ತು. ಆದರೆ ಕಡಬದ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ ನಾನು ಇತಿಹಾಸದ ಅತಿಥಿ ಉಪನ್ಯಾಸಕಿ, ಮತ್ತು ಅತಿಥಿಯಾದವಳು ಬಡಿಸಿದ್ದನ್ನು ಬೇಡವೆನ್ನುವಂತಿಲ್ಲ. ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಕೆಲಸ ಬಿಟ್ಟು ಹೋದ ವಾರವೇ ಪ್ರಾಂಶುಪಾಲರು ನನ್ನನ್ನು ಕರೆಸಿ, ಹುಡುಗಿಯರ ನೆಟ್‌ಬಾಲ್ ತಂಡಕ್ಕೆ ನಾನೇ ವ್ಯವಸ್ಥಾಪಕಿಯಾಗಬೇಕೆಂದರು.

"ಸರ್, ನನಗೆ ಆ ಆಟದ ಬಗ್ಗೆ ಏನೂ ತಿಳಿದಿಲ್ಲ," ಎಂದೆ.

"ಯಾರಿಗೆ ಗೊತ್ತುಂಟು ಮೇಡಂ? ಅದೇ ಅದರ ಲಾಭ. ಕಬಡ್ಡಿಗೆ, ವಾಲಿಬಾಲಿಗೆ ಇಳಿದ್ರೆ ನಾವು ಮೊದಲ ರೌಂಡಲ್ಲೇ ಮನೆಗೆ. ನೆಟ್‌ಬಾಲಿಗೆ ವಲಯದಲ್ಲಿ ಬರುದೇ ಮೂರು ಕಾಲೇಜು. ಇಳಿದ್ರೆ ಸಾಕು, ಏನಾದ್ರೊಂದು ಕಪ್ ಉಂಟು," ಎಂದು ಅವರು ನಕ್ಕರು. ಬಳಿಕ ಏನೋ ಹೊಳೆದವರಂತೆ, "ಹೇಗೂ ನೀವು ಹಿಸ್ಟರಿ ಅಲ್ವಾ? ಆಟದ ಹಿಸ್ಟರಿಯನ್ನೂ ಓದಿ ಇಡಿ. ಕ್ರೀಡಾ ದಿನಕ್ಕೆ ಹತ್ತು ನಿಮಿಷ ಮಾತಾಡ್ಬಹುದು," ಎಂದೂ ಸೇರಿಸಿದರು.

ಓದಲು ಹೇಳಿದರೆ ನಾನು ಓದಿಬಿಡುತ್ತೇನೆ; ನನ್ನ ಮೇಲಿರುವ ಮುಖ್ಯ ಆರೋಪವೇ ಅದು. ದಿನವೂ ಬಸ್ಸಿನಲ್ಲಿ ಕುಳಿತು, ಸಿಗ್ನಲ್ ಇರುವಷ್ಟು ದೂರ, ಆಸ್ಟ್ರೇಲಿಯಾದ ವೃತ್ತಿಪರ ಲೀಗಿನ ಪಂದ್ಯಗಳನ್ನು ಫೋನಿನಲ್ಲಿ ನೋಡತೊಡಗಿದೆ. ಕಾಡು ಬಂದೊಡನೆ ಚೆಂಡು ಗಾಳಿಯಲ್ಲಿಯೇ ನಿಂತುಬಿಡುತ್ತಿತ್ತು; ಅದು ಉಂಗುರದೊಳಗೆ ಬಿತ್ತೋ ಇಲ್ಲವೋ ಎಂಬುದು ಮನೆಯ ಬಳಿ ಇಳಿದ ಮೇಲೆ ತಿಳಿಯುತ್ತಿತ್ತು. ಆ ಆಟ ನನಗೆ ಹಿಡಿಸಿಬಿಟ್ಟಿತು. ಏಳು ಮಂದಿ ಆಟಗಾರ್ತಿಯರು. ಪ್ರತಿಯೊಬ್ಬಳ ಎದೆಯ ಮೇಲೂ ಅವಳ ಸ್ಥಾನವನ್ನು ಹೇಳುವ ಅಕ್ಷರ. ಆ ಅಕ್ಷರಕ್ಕೆ ಗೊತ್ತುಪಡಿಸಿದ ಜಾಗದ ಆಚೆ ಅವಳು ಕಾಲಿಡುವಂತಿಲ್ಲ. ಚೆಂಡು ಹಿಡಿದುಕೊಂಡು ಓಡುವಂತಿಲ್ಲ. ಮೂರು ಸೆಕೆಂಡಿನೊಳಗೆ ಅದನ್ನು ಇನ್ನೊಬ್ಬಳಿಗೆ ಒಪ್ಪಿಸಿಬಿಡಬೇಕು. ವರ್ಷಕ್ಕೆ ಹತ್ತು ತಿಂಗಳು ಮಾತ್ರ ಕೆಲಸವಿರುವ ಅತಿಥಿ ಉಪನ್ಯಾಸಕಿಗೆ ಈ ಯಾವ ನಿಯಮವನ್ನೂ ಯಾರೂ ವಿವರಿಸಬೇಕಾಗಲಿಲ್ಲ.

ಲೀಗಿನ ಇತಿಹಾಸವೂ ಸ್ವಾರಸ್ಯಕರವಾಗಿಯೇ ಇತ್ತು. ಹಿಂದೆ ಅಲ್ಲಿನ ಆಟಗಾರ್ತಿಯರು ಹಗಲಿಡೀ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ದುಡಿದು, ಉಳಿದ ಹೊತ್ತಿನಲ್ಲಿ ಆಡುತ್ತಿದ್ದರಂತೆ. ಅನಂತರ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಒಟ್ಟಾಗಿ ಒಂದೇ ಲೀಗ್ ನಡೆಸಿದವು. ಕೆಲವು ವರ್ಷಗಳ ಬಳಿಕ ಬೇರೆಯಾಗಿ, ತಮ್ಮ ತಮ್ಮ ಲೀಗ್ ಮಾಡಿಕೊಂಡವು. ಇದನ್ನು ಒಂದು ಸಂಜೆ ಅವ್ವನಿಗೆ ಹೇಳಿದೆ. ಬೀಡಿಗೆ ಎಲೆ ಕತ್ತರಿಸುತ್ತಿದ್ದ ಅವರ ಕೈ ನಿಂತಿತು.

"ಪಾಲಾದ್ದಾ?"

"ಹಾಗೆಯೇ ಎನ್ನಬಹುದು."

"ಕೂಡಿ ಇದ್ದಾಗ ಗೆಲ್ಲುತ್ತಿದ್ದದ್ದು ಯಾರು?"

"ಹೆಚ್ಚಾಗಿ ಆಸ್ಟ್ರೇಲಿಯಾದವರು."

"ಮತ್ತೆ ಪಾಲಾಗದೆ ಎಂತ?" ಎಂದು ಅವ್ವ ಪುನಃ ಎಲೆ ಕತ್ತರಿಸತೊಡಗಿದರು. ಎರಡು ರಾಷ್ಟ್ರಗಳ ಕ್ರೀಡಾಚರಿತ್ರೆಯನ್ನು ಇಷ್ಟು ಸಂಕ್ಷಿಪ್ತವಾಗಿ ಹೇಳುವುದು ನನ್ನ ಎಂ.ಎ.ಗೆ ಈವರೆಗೂ ಸಾಧ್ಯವಾಗಿಲ್ಲ.

ನಮ್ಮ ತಂಡದಲ್ಲಿ ಆಟವೆನ್ನಬಹುದಾದದ್ದು ಒಬ್ಬಳಲ್ಲೇ ಇತ್ತು. ಇಚಿಲಂಪಾಡಿಯ ಶ್ರಾವ್ಯ, ಅಂತಿಮ ವರ್ಷದ ಬಿ.ಎ. ಬಾಗಿಲು ದಾಟುವಾಗ ಅಭ್ಯಾಸಬಲದಿಂದ ತಲೆ ತಗ್ಗಿಸುವಷ್ಟು ಎತ್ತರದ ಹುಡುಗಿ. ಚೆಂಡು ಅವಳ ಕೈಯಿಂದ ಹೊರಟರೆ, ಹೋಗಬೇಕಾದ ಸ್ಥಳ ತನಗೆ ಮೊದಲೇ ಗೊತ್ತು ಎಂಬಂತೆ ಹೋಗುತ್ತಿತ್ತು. ಅವಳಿಗೆ ದೈಹಿಕ ಶಿಕ್ಷಕಿಯಾಗುವ ಆಸೆ. ಮನೆಯವರು ಒಂದು ಮಾತು ಕೊಟ್ಟಿದ್ದರು: ಕ್ರೀಡಾ ಕೋಟಾದಲ್ಲಿ ಬಿ.ಪಿ.ಎಡ್. ಸೀಟು ಸಿಕ್ಕಿದರೆ ಓದಲಿ, ಸಿಗದಿದ್ದರೆ ಪುತ್ತೂರಿನ ಜವಳಿ ಅಂಗಡಿಯಲ್ಲಿ ಚಿಕ್ಕಮ್ಮ ಕೆಲಸಕ್ಕೆ ಹೇಳಿಟ್ಟಿದ್ದಾರೆ. ಕೋಟಾಕ್ಕೆ ವಿಶ್ವವಿದ್ಯಾನಿಲಯದ ತಂಡದಲ್ಲಿ ಆಡಿದ ಪ್ರಮಾಣಪತ್ರ ಬೇಕು. ಆ ತಂಡಕ್ಕೆ ಆಯ್ಕೆ ನಡೆಯುವುದು ವಲಯ ಪಂದ್ಯಾಟದಲ್ಲಿ. ಅವಳಿಗೆ ಉಳಿದಿದ್ದದ್ದು ಅದೊಂದೇ ಪಂದ್ಯಾಟ.

ಆಗಲೇ ನನ್ನ ಕಣ್ಣು ನಮ್ಮ ಮೈದಾನದ ಕಂಬದ ಮೇಲೆ ಬಿತ್ತು. ಅದು ಬ್ಯಾಸ್ಕೆಟ್‌ಬಾಲಿನ ಹಳೆಯ ಕಂಬ. ಉಂಗುರದ ಹಿಂದೆ ದೊಡ್ಡದೊಂದು ಮರದ ಹಲಗೆ. ಹುಡುಗಿಯರು ಚೆಂಡನ್ನು ಹಲಗೆಗೆ ಬಡಿದು ಉಂಗುರಕ್ಕೆ ಬೀಳಿಸುವುದನ್ನು ರೂಢಿಸಿಕೊಂಡಿದ್ದರು. ನೆಟ್‌ಬಾಲಿನಲ್ಲಿಯೋ, ಹಲಗೆಯೇ ಇಲ್ಲ! ಬರಿಯ ಕಂಬ, ಬರಿಯ ಉಂಗುರ. ನನಗೆ ಆ ದಿನ ಊಟ ಸೇರಲಿಲ್ಲ. ಹಲಗೆಯನ್ನು ತೆಗೆಸಬೇಕೆಂದು ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟೆ, ಮೂರು ಪ್ರತಿ.

"ಮೇಡಂ, ಅದು ದಾನಿಗಳು ತಂದೆಯ ನೆನಪಿಗೆ ಕೊಟ್ಟ ಹಲಗೆ. ಹೆಸರು ಬರೆದುಂಟು ನೋಡಿ," ಎಂದು ಅವರು ಕಿಟಕಿಯಿಂದ ತೋರಿಸಿದರು. ಹೌದು, ಚೆಂಡು ಬಡಿದು ಬಡಿದು ದಾನಿಗಳ ತಂದೆಯವರ ಹೆಸರಿನ ಅರ್ಧ ಅಳಿಸಿಹೋಗಿತ್ತು. ಈ ಅಂಶವನ್ನೇ ಮುಂದಿಟ್ಟು ವಾದಿಸಿ ಗೆದ್ದೆ. ಹಲಗೆ ಕೆಳಗಿಳಿಯಿತು, ಹೆಸರಿಗೆ ಹೊಸ ಬಣ್ಣ ಬಳಿದು ಅದನ್ನು ಕಚೇರಿಯ ಹೊರಗೆ ನೋಟೀಸು ಅಂಟಿಸಲು ತೂಗುಹಾಕಿದರು. ಹುಡುಗಿಯರು ಎರಡು ತಿಂಗಳು ಬರಿಯ ಉಂಗುರಕ್ಕೆ ಚೆಂಡೆಸೆದು ಕೈ ತಿದ್ದಿಕೊಂಡರು. "ಹಲಗೆ ಇದ್ದಿದ್ರೆ ಸುಲಭ ಇತ್ತು ಮೇಡಂ," ಎಂದು ಶ್ರಾವ್ಯ ಒಮ್ಮೆ ಹೇಳಿದಳು. ಸುಲಭವಾದದ್ದೆಲ್ಲ ಸರಿಯಲ್ಲ ಎಂದು ನಾನು ಅವಳಿಗೆ ತಿಳಿಹೇಳಿದೆ. ಹೇಳುವಾಗ ನನ್ನ ಧ್ವನಿ ನನಗೇ ಬಹಳ ಹಿಡಿಸಿತ್ತು.

ಪಂದ್ಯಾಟ ಪುತ್ತೂರಿನ ಒಂದು ಕಾಲೇಜಿನಲ್ಲಿ. ಬಸ್ಸಿಳಿದು ಮೈದಾನಕ್ಕೆ ಹೋದವಳು ಕಂಬಗಳನ್ನು ನೋಡಿ ನಿಂತುಬಿಟ್ಟೆ. ಎರಡೂ ಕಂಬಗಳಿಗೆ ಹಲಗೆ! ಅವೂ ಬ್ಯಾಸ್ಕೆಟ್‌ಬಾಲಿನವೇ. ಬರಬೇಕಾಗಿದ್ದ ಮೂರನೆಯ ಕಾಲೇಜು ಬಂದಿರಲಿಲ್ಲ. ಆದ್ದರಿಂದ ನಮಗೂ ಆತಿಥೇಯರಿಗೂ ನೇರವಾಗಿ ಅಂತಿಮ ಪಂದ್ಯ. ಆತಿಥೇಯ ಹುಡುಗಿಯರು ಹಲಗೆಗೆ ಬಡಿದು ಬಡಿದು ಚೆಂಡು ಹಾಕಿದರು. ನಮ್ಮವರು ಬರಿಯ ಉಂಗುರಕ್ಕೆ ಗುರಿಯಿಟ್ಟು ಸೋಲುತ್ತ ಹೋದರು. ವಿರಾಮದಲ್ಲಿ ಶ್ರಾವ್ಯ ಬೆವರೊರೆಸಿಕೊಳ್ಳುತ್ತ ಬಂದಳು.

"ಮೇಡಂ, ನಾನೂ ಬೋರ್ಡಿಗೆ ಹೊಡೆದು ಹಾಕ್ಲಾ? ನಂಗೆ ಮೊದಲೇ ಬರ್ತಿತ್ತಲ್ಲ."

"ಬೇಡ. ಅದು ನೆಟ್‌ಬಾಲ್ ಅಲ್ಲ," ಎಂದು ಹೇಳಿ ನಾನು ಮುದ್ರಿತ ನಿಯಮಾವಳಿಯೊಂದಿಗೆ ಪಂದ್ಯಾಟದ ಮುಖ್ಯಸ್ಥರಾದ ರೈ ಮಾಸ್ಟ್ರ ಬಳಿಗೆ ನಡೆದೆ. ಪೂರ್ತಿ ನರೆತ ಕೂದಲಿನ, ಕೊರಳಲ್ಲಿ ಸೀಟಿ ತೂಗುವ ಹಿರಿಯರು. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು.

"ನೀವು ಹೇಳುದು ಸರಿ ಮೇಡಂ. ಎಂತ ಮಾಡುದು, ಇಲ್ಲಿ ಇರುದೇ ಈ ಕಂಬ. ನೀವು ಬಾಯಲ್ಲಿ ಹೇಳಿದ್ದೀರಿ, ನಾನು ಕಿವಿಯಲ್ಲಿ ಕೇಳಿದ್ದೇನೆ. ಮುಗೀತಲ್ಲ. ಹೋಗಿ ಒಂದು ಚಾ ಕುಡೀರಿ."

"ನಾನು ಲಿಖಿತವಾಗಿ ಕೊಡಬಯಸುತ್ತೇನೆ, ಸರ್."

ಅವರ ಮುಖ ಬದಲಾಯಿತು. "ಬೇಡ ಮಾರಾಯ್ರೆ. ಬಾಯಲ್ಲಿ ಬಂದದ್ದನ್ನು ಬಾಯಲ್ಲೇ ಮುಗಿಸ್ಬಹುದು. ಬರೆದು ಕೊಟ್ರೆ ನಾನು ಮೇಲೆ ಕಳಿಸ್ಲೇಬೇಕು. ನಾ ಹೇಳುದು ಕೇಳಿ, ಬರೀಬೇಡಿ."

ಬರೆಯಬೇಡಿ ಎನ್ನುವವರೆಲ್ಲ ಏನನ್ನೋ ಮುಚ್ಚಿಡುತ್ತಾರೆ ಎಂಬುದು ಮನೆಯ ಮೊದಲ ಪದವೀಧರೆಯ ದೃಢ ನಂಬಿಕೆ. ಊರವರ ಅರ್ಜಿಗಳನ್ನು ಬರೆದು ಬರೆದು ನಾನು ಕಲಿತದ್ದೇ ಅದು. ಬೆಂಚಿನ ಮೇಲೆ ಕುಳಿತು, ಕಾರ್ಬನ್ ಹಾಳೆಯಿಟ್ಟು, ನಿಯಮದ ಸಂಖ್ಯೆ ಸಹಿತ ಆಕ್ಷೇಪಣೆ ಬರೆದೆ. ಒಂದಕ್ಷರ ತಪ್ಪಿರಲಿಲ್ಲ. ರೈ ಮಾಸ್ಟ್ರು ಓದಿ, ನನ್ನ ಪ್ರತಿಗೆ ಸಹಿ ಹಾಕಿ, ಸೀಟಿ ಊದಿದರು. ಪಂದ್ಯ ನಿಂತಿತು. ಕಂಬಗಳು ನಿಯಮದಂತಿರಲಿಲ್ಲವಾದ್ದರಿಂದ ಆ ವಲಯದಲ್ಲಿ ನೆಟ್‌ಬಾಲ್ ಪಂದ್ಯಾಟ ನಡೆದೇ ಇಲ್ಲ ಎಂದು ವಾರದೊಳಗೆ ಆದೇಶ ಬಂತು. ನಡೆಯದ ಪಂದ್ಯಾಟದಿಂದ ಯಾರನ್ನೂ ಆಯ್ಕೆ ಮಾಡುವಂತಿಲ್ಲ. ನನ್ನ ವಾದ ಅಕ್ಷರಶಃ ಎತ್ತಿಹಿಡಿಯಲ್ಪಟ್ಟಿತ್ತು.

ಮುಚ್ಚಿಟ್ಟದ್ದು ಏನೆಂಬುದನ್ನು ರೈ ಮಾಸ್ಟ್ರು ಪಂದ್ಯದ ದಿನವೇ ತೋರಿಸಿದ್ದರು. ನಾವು ಹೊರಡುವಾಗ ಅವರು ನನ್ನನ್ನು ಬದಿಗೆ ಕರೆದು ಅಂಗಿಯ ಕಿಸೆಯಿಂದ ಮಡಚಿದ ಚೀಟಿಯೊಂದನ್ನು ತೆಗೆದರು. ಆಯ್ಕೆಯ ಪಟ್ಟಿ. ಮೊದಲನೆಯ ಹೆಸರು ಶ್ರಾವ್ಯಳದು.

"ವಿರಾಮಕ್ಕೆ ಮೊದಲೇ ಬರೆದಿದ್ದೆ ಮೇಡಂ. ಹಲಗೆ ಮುಟ್ಟದೆ ಹಾಕುವವಳು ಒಬ್ಬಳೇ ಇದ್ದದ್ದಲ್ವಾ. ಸೋತ್ರೂ ಅವಳೇ ಹೋಗ್ತಿದ್ದಳು," ಎಂದು ಚೀಟಿಯನ್ನು ಮೊದಲಿನಂತೆಯೇ ಮಡಚಿ ಕಿಸೆಗಿಟ್ಟುಕೊಂಡರು.

ಇದನ್ನು ನಾನು ಶ್ರಾವ್ಯಳಿಗೆ ಹೇಳಲಿಲ್ಲ. ಅವಳಿಗೆ ತಿಳಿದಿರಲಿಕ್ಕಿಲ್ಲವೆಂದು ನಂಬಿದ್ದೆ. ಮರಳುವ ಬಸ್ಸಿನಲ್ಲಿ ಅವಳು ಕಿಟಕಿಯ ಬಳಿ ಕುಳಿತಿದ್ದಳು. ನಾನು ನನ್ನ ಸಮಾಧಾನಕ್ಕೆಂದು ಫೋನಿನಲ್ಲಿ ಲೀಗಿನ ಇತಿಹಾಸದ ಓದನ್ನು ಮುಂದುವರಿಸಿದೆ. ಅಲ್ಲಿ ಈಚೆಗೆ ಒಂದು ಹೊಸ ನಿಯಮ ಬಂದಿತ್ತಂತೆ: ಆಟದ ಪ್ರತಿ ಕಾಲುಭಾಗದ ಕೊನೆಯ ಕೆಲವು ನಿಮಿಷಗಳಲ್ಲಿ ದೂರದಿಂದ ಎಸೆದು ಹಾಕಿದ ಚೆಂಡಿಗೆ ಒಂದರ ಬದಲು ಎರಡು ಅಂಕ. ಟಿ.ವಿ. ನೋಡುವವರಿಗೆ ರೋಚಕವಾಗಲಿ ಎಂದು. ಸಂಪ್ರದಾಯವಾದಿಗಳು ಇದು ನೆಟ್‌ಬಾಲ್ ಅಲ್ಲವೆಂದು ಕೂಗಾಡಿದರಂತೆ. ಲೀಗ್ ಅವರ ಮಾತನ್ನು ಕೇಳಿಸಿಕೊಂಡು ಆಟ ಮುಂದುವರಿಸಿತು. ಯಾರ ನಿಯಮಾವಳಿಯನ್ನು ಎದೆಗವಚಿಕೊಂಡು ಹೋಗಿದ್ದೆನೋ ಅವರೇ ಅದನ್ನು ಬೇಕಾದಂತೆ ತಿರುವಿಕೊಳ್ಳುತ್ತಿದ್ದರು. ನಿಯಮವನ್ನು ಬದಲಿಸುವುದು ಅದರ ಮನೆಯವರ ಹಕ್ಕು. ಪಾಲಿಸಿ ನಾಶವಾಗುವುದು ನನ್ನಂಥ ಅತಿಥಿಗಳ ಕರ್ತವ್ಯ.

ಕ್ರೀಡಾ ದಿನ ಬಂತು. ದಾನಿಗಳೇ ಮುಖ್ಯ ಅತಿಥಿಗಳಾದ್ದರಿಂದ ಹಲಗೆ ಮತ್ತೆ ಕಂಬವನ್ನೇರಿತ್ತು. ನನ್ನ ಹತ್ತು ನಿಮಿಷದ ಭಾಷಣಕ್ಕೆ ಜೊತೆಯಾಗಿ, ನನ್ನ ಹಿಂದೆ ಶ್ರಾವ್ಯಳಿಂದ ಪ್ರಾತ್ಯಕ್ಷಿಕೆ ಎಂದು ಪ್ರಾಂಶುಪಾಲರು ಏರ್ಪಡಿಸಿದ್ದರು. ನಾನು ಎರಡು ರಾಷ್ಟ್ರಗಳ ಕೂಡುವಿಕೆಯನ್ನೂ ಅಗಲುವಿಕೆಯನ್ನೂ ಕ್ರಮವಾಗಿ ವಿವರಿಸಿ, "ಈ ಕ್ರೀಡೆಯ ವೈಶಿಷ್ಟ್ಯವೇನೆಂದರೆ ಇದರಲ್ಲಿ ಹಲಗೆ ಇರುವುದಿಲ್ಲ," ಎಂದೆ. ಜೋರಾಗಿ ಚಪ್ಪಾಳೆ ಬಿತ್ತು. ನನ್ನ ಮಾತಿಗೆ ಅಂಥ ಚಪ್ಪಾಳೆ ಎಂದೂ ಬಿದ್ದಿರಲಿಲ್ಲ. ಕೃತಜ್ಞತೆಯಿಂದ ತಲೆಬಾಗಿದಾಗ ಬೆನ್ನ ಹಿಂದೆ ಢಬ್ ಎಂಬ ಶಬ್ದ ಕೇಳಿಸಿತು, ತಿರುಗಿ ನೋಡಿದೆ. ಶ್ರಾವ್ಯ ಚೆಂಡನ್ನು ಹಲಗೆಗೆ ಬಡಿದು, ದಾನಿಗಳ ತಂದೆಯವರ ಹೆಸರಿನ ನಟ್ಟನಡುವಿನಿಂದ ಉಂಗುರಕ್ಕೆ ಬೀಳಿಸುತ್ತಿದ್ದಳು. ಒಂದಾದ ಮೇಲೊಂದು. ಒಂದೂ ತಪ್ಪಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವಳ ಬಳಿ ಹೋದೆ. ಪರೀಕ್ಷೆ ಮುಗಿದ ಮರುವಾರ ಜವಳಿ ಅಂಗಡಿಗೆ ಸೇರುವುದಂತೆ. ಮೇಲಿನ ಕಪಾಟಿನ ಸೀರೆ ತೆಗೆಯಲು ಇವಳಿಗೆ ಏಣಿ ಬೇಡವೆಂದು ಅಂಗಡಿಯವರಿಗೆ ಸಂತೋಷವಾಗಿದೆಯಂತೆ. ಅವಳು ನಕ್ಕು ಹೇಳಿದಳು, ನನಗೆ ನಗಲಾಗಲಿಲ್ಲ.

"ಶ್ರಾವ್ಯ, ವಿಶ್ವವಿದ್ಯಾನಿಲಯಕ್ಕೆ ಒಂದು ಮನವಿ ಕೊಡೋಣ. ನಾನು ಬರೆದುಕೊಡುತ್ತೇನೆ."

ಅವಳು ಬೆಚ್ಚಿಬಿದ್ದವಳಂತೆ ಚೆಂಡನ್ನು ಎದೆಗೆ ಹಿಡಿದುಕೊಂಡಳು. "ಅಯ್ಯೋ, ಬರೆಯುದು ಬೇಡ ಮೇಡಂ! ನಾನು ರೈ ಮಾಸ್ಟ್ರ ಹತ್ರ ಬಾಯಲ್ಲೇ ಕೇಳಿ ನೋಡ್ತೇನೆ. ಅವರ ಕಿಸೆಯಲ್ಲಿ ಆ ಚೀಟಿ ಈಗಲೂ ಉಂಟಂತೆ."

ಹಾಗಾದರೆ ಅವಳಿಗೆ ಎಲ್ಲವೂ ಗೊತ್ತಿತ್ತು. ಮೂರು ಸೆಕೆಂಡಿನೊಳಗೆ ಅವಳು ಚೆಂಡನ್ನು ನನ್ನ ಕೈಗೊಪ್ಪಿಸಿ ಹೊರಟುಹೋದಳು.

ಮರುದಿನ ಪ್ರಾಂಶುಪಾಲರು ಕರೆಸಿದರು. "ಭಾಷಣ ಭಾರೀ ಲಾಯ್ಕ ಇತ್ತು ಮೇಡಂ. ದಾನಿಗಳಿಗೂ ಖುಷಿ ಆಯ್ತು. ವಾರ್ಷಿಕ ಸಂಚಿಕೆಗೆ ಹಾಕುವ, ಬರೆದು ಕೊಡಿ," ಎಂದರು.

ಬರೆದು ಕೊಟ್ಟೆ. ಮೂರು ಪ್ರತಿ. ಒಂದರ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಂಡು ತಂದು, ರೈ ಮಾಸ್ಟ್ರ ಸಹಿಯಿರುವ ಆಕ್ಷೇಪಣೆಯ ಮೇಲೆ ಜೋಪಾನವಾಗಿಟ್ಟಿದ್ದೇನೆ. ಎರಡರಲ್ಲಿಯೂ ಒಂದೇ ಒಂದು ತಪ್ಪಿಲ್ಲ.